ಲೇಖನಿಯೂ ಗಿಟಾರೂ

ಇತರರ ಹಾಡನ್ನು ತೂಗಿ ಬೆಲೆ ಕಟ್ಟುವವನು ತಾನೇ ವೇದಿಕೆಯೇರಿದಾಗ ಸಭಿಕರ ಕಿವಿ ಎಂದಿಗಿಂತ ಚುರುಕಾಗುತ್ತದೆ. ನಿನ್ನೆಯವರೆಗೆ ತಪ್ಪು ಎಣಿಸಿದವನ ತಪ್ಪನ್ನು ಎಣಿಸುವ ಸರದಿ ಅವರದಾಗುತ್ತದೆ. ಆದುದರಿಂದಲೇ ಏನೋ, ಸಂಗೀತ ವಿಮರ್ಶೆ ಮತ್ತು ವಾದನ ಎರಡನ್ನೂ ಜೀವನವಿಡೀ ಕೈಬಿಡದೆ ನಡೆಸಿದವರು ವಿರಳ. ಅಮೆರಿಕದ ರಾಕ್ ಸಂಗೀತಗಾರ ಲೆನ್ನಿ ಕೇ ಅಂಥ ವಿರಳರಲ್ಲೊಬ್ಬರು.

1946ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಕೇ, ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ಅಮೆರಿಕದ ಇತಿಹಾಸವನ್ನು ವ್ಯಾಸಂಗ ಮಾಡಿದರು. ವಿದ್ಯಾರ್ಥಿ ದೆಸೆಯಲ್ಲಿಯೇ, 1966ರಲ್ಲಿ, ಬೇರೊಂದು ಹೆಸರಿನಿಂದ ಅವರು ಹಾಡಿದ ಧ್ವನಿಮುದ್ರಿಕೆಯೊಂದು ಹೊರಬಂದರೂ ಅದು ಕೀರ್ತಿಯನ್ನೇನೂ ತರಲಿಲ್ಲ. ಬಳಿಕ ಅವರು ‘ಜಾಸ್ ಅಂಡ್ ಪಾಪ್’, ‘ರೋಲಿಂಗ್ ಸ್ಟೋನ್’ ಮುಂತಾದ ಪತ್ರಿಕೆಗಳಿಗೆ ಬರೆಯತೊಡಗಿದರು. ಬ್ಲೀಕರ್ ಬೀದಿಯ ಹಳೆಯ ಧ್ವನಿಮುದ್ರಿಕೆಗಳ ಅಂಗಡಿಯೊಂದರಲ್ಲಿ ದುಡಿದರು. ಮಾರುವುದು, ಬರೆಯುವುದು, ನುಡಿಸುವುದು ಮೂರೂ ಅವರಿಗೆ ಒಂದೇ ಕಾಯಕವಾದವು.

ವಾದ್ಯಗಳ ನೆರವಿಲ್ಲದೆ ಕೊರಳುಗಳನ್ನಷ್ಟೇ ಕೂಡಿಸಿ ಹಾಡುತ್ತಿದ್ದ ತಂಡಗಳ ಕುರಿತು ಅವರು ಒಂದು ಲೇಖನ ಬರೆದರು. ಅದರಲ್ಲಿದ್ದುದು ತಪ್ಪು ಹುಡುಕುವ ಚಾತುರ್ಯವಲ್ಲ, ಕೇಳಿ ಸವಿದವನ ಅಕ್ಕರೆ. ಅದನ್ನೋದಿ ಮೆಚ್ಚಿದ ಪ್ಯಾಟಿ ಸ್ಮಿತ್ ಎಂಬ ತರುಣ ಕವಯಿತ್ರಿ ತಾವಾಗಿಯೇ ಅವರನ್ನು ಮಾತನಾಡಿಸಿದರು. 1971ರ ಫೆಬ್ರವರಿ 10ರಂದು ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಆಕೆ ಕವಿತೆ ಓದಿದಾಗ ಕೇ ಗಿಟಾರ್ ನುಡಿಸಿದರು; ಮೋಟಾರು ಕಾರು ಅಪ್ಪಳಿಸಿ ನುಚ್ಚುನೂರಾಗುವ ಸದ್ದನ್ನು ತಂತಿಗಳಿಂದಲೇ ಹೊರಡಿಸಬೇಕಾಗಿತ್ತು! ವಿಮರ್ಶಕನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆಯಿರಲಾರದು.

ಮರುವರ್ಷ, 1972ರಲ್ಲಿ, ಎಲೆಕ್ಟ್ರಾ ಸಂಸ್ಥೆಗಾಗಿ ಅವರು ‘ನಗೆಟ್ಸ್’ ಎಂಬ ಜೋಡಿ ಧ್ವನಿಮುದ್ರಿಕೆಯನ್ನು ಸಂಪಾದಿಸಿದರು. 1965ರಿಂದ 1968ರವರೆಗಿನ 27 ಹಾಡುಗಳು ಅದರಲ್ಲಿವೆ. ಹಾಡಿದವರಲ್ಲಿ ಅನೇಕರು ಒಂದೆರಡು ಹಾಡಿನಿಂದ ಮಿಂಚಿ ಮರೆಯಾದ ಹುಡುಗರು. ಅವರ ಒರಟು ದನಿಯಲ್ಲಿ ಸತ್ತ್ವವಿದೆಯೆಂದು ಗುರುತಿಸಿ, ಪ್ರತಿಯೊಂದಕ್ಕೂ ಟಿಪ್ಪಣಿ ಬರೆದು ಕಾಪಾಡಿದ್ದು ಸಣ್ಣ ಕೆಲಸವಲ್ಲ. ಮುಂದೆ ಪಂಕ್ ಎಂದು ಹೆಸರಾದ ಸಂಗೀತಕ್ಕೆ ಈ ಸಂಗ್ರಹವೂ ಒಂದು ಬುನಾದಿಯಾಯಿತು. ನುಡಿಸಬಲ್ಲ ಕಿವಿಯಿಲ್ಲದ ಪಂಡಿತನಿಗೆ ಈ ಆಯ್ಕೆ ಸಾಧ್ಯವಾಗುತ್ತಿತ್ತೇ ಎಂಬುದು ಸಂದೇಹ.

1975ರಲ್ಲಿ ಪ್ಯಾಟಿ ಸ್ಮಿತ್ ಅವರ ‘ಹಾರ್ಸಸ್’ ಹೊರಬಂದು ತಂಡ ಪ್ರಸಿದ್ಧವಾಯಿತು. 1979ರಲ್ಲಿ ತಂಡ ಚದುರಿತು. ಕೇ ಬರಿಗೈಯಲ್ಲಿ ಕೂರಲಿಲ್ಲ. 1985ರಲ್ಲಿ ಸುಜಾನ್ ವೇಗಾ ಎಂಬ ಗಾಯಕಿಯ ಮೊದಲ ಧ್ವನಿಮುದ್ರಿಕೆಯ ನಿರ್ಮಾಣದಲ್ಲಿ ಪಾಲ್ಗೊಂಡರು. 1996ನೆಯ ಇಸವಿಯಂತೂ ಅವರ ಎರಡು ಬಾಳುಗಳನ್ನು ಒಟ್ಟಿಗೆ ತೋರಿಸುತ್ತದೆ: ಗಾಯಕ ವೇಲನ್ ಜೆನಿಂಗ್ಸ್ ಅವರೊಡಗೂಡಿ ಬರೆದ ಆತ್ಮಕಥೆ ಆ ವರ್ಷವೇ ಪ್ರಕಟವಾಯಿತು, ಪ್ಯಾಟಿ ಸ್ಮಿತ್ ಅವರೊಡನೆ ಮತ್ತೆ ನುಡಿಸಿದ ‘ಗಾನ್ ಅಗೇನ್’ ಆ ವರ್ಷವೇ ಹೊರಬಂದಿತು.

ತನ್ನವರ ಬಗ್ಗೆ ತಾನೇ ಬರೆಯುವವನು ನಿಷ್ಪಕ್ಷಪಾತಿಯಾಗಿರಬಲ್ಲನೇ? 2022ರ ‘ಲೈಟ್ನಿಂಗ್ ಸ್ಟ್ರೈಕಿಂಗ್’ ಗ್ರಂಥದಲ್ಲಿ ಕೇ ಈ ತೊಡಕನ್ನು ನೇರವಾಗಿ ಎದುರಿಸಿದ್ದಾರೆ. 1954ರ ಮೆಂಫಿಸ್ ನಗರದಿಂದ ಹೊರಡುವ ಆ ರಾಕ್ ಚರಿತ್ರೆಯಲ್ಲಿ 1975ರ ನ್ಯೂಯಾರ್ಕೂ ಬರುತ್ತದೆ. ಅಲ್ಲಿ ಇತಿಹಾಸಕಾರನೇ ಸಾಕ್ಷಿ. 2025ರಲ್ಲಿ ‘ಹಾರ್ಸಸ್’ಗೆ ಐವತ್ತು ತುಂಬಿದಾಗ ಅದೇ ಹಾಡುಗಳನ್ನು ಊರೂರಿನಲ್ಲಿ ನುಡಿಸಲು 78ರ ಕೇ, ಪ್ಯಾಟಿ ಸ್ಮಿತ್ ಅವರ ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತಿದ್ದರು.