ಬೆಳಕು ಹೋಗಿ ಬರುವ ಹೊತ್ತು

2025 ಫೆಬ್ರವರಿ 23, ತುಮಕೂರು

ಬೆಳಿಗ್ಗೆ ಆರಕ್ಕೇ ನಾಲ್ವರು ವಿದ್ಯಾರ್ಥಿಗಳ ಜೊತೆ ದೇವರಾಯನದುರ್ಗಕ್ಕೆ ಹೊರಟೆ. ಅನುಮತಿ ಪತ್ರ ಕೈಯಲ್ಲಿತ್ತು, ಜೊತೆಗೆ ಅರಣ್ಯ ರಕ್ಷಕರೊಬ್ಬರು. ನಾಮದ ಚಿಲುಮೆ ದಾಟಿ ಕಾಡು ಹೊಕ್ಕರೆ ನೆಲದ ತುಂಬಾ ತರಗೆಲೆ. ದಿಂಡಿಗದ ಬಿಳಿ ಕಾಂಡಗಳು ಬೆತ್ತಲೆ ನಿಂತಿದ್ದವು.

ಹುಡುಕಿಕೊಂಡು ಹೋಗಿದ್ದು ಮರವನ್ನಲ್ಲ, ಒಂದು ವೃತ್ತವನ್ನು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕೂತಿರುವ ನಾಸಾದ ಜೆಡೈ ಉಪಕರಣ 2019ರಿಂದ ನೆಲಕ್ಕೆ ಲೇಸರ್ ಬೆಳಕು ಹನಿಸುತ್ತಿದೆ. ಒಂದು ಹನಿ ನೆಲ ಮುಟ್ಟುವಾಗ 25 ಮೀಟರ್ ಅಗಲ. ಹನಿಗೂ ಹನಿಗೂ ನಡುವೆ 60 ಮೀಟರ್, ಸಾಲಿಗೂ ಸಾಲಿಗೂ 600 ಮೀಟರ್. ಕೂರಿಗೆಯಲ್ಲಿ ರಾಗಿ ಬಿತ್ತಿದ ಹಾಗೆ ಸಾಲು ಸಾಲು, ನಡುವೆ ಬಿಟ್ಟ ನೆಲವೇ ಹೆಚ್ಚು. 2023ರ ಮಾರ್ಚ್‌ನಿಂದ ಒಂದು ವರ್ಷ ಕೆಲಸ ನಿಂತಿತ್ತು. 2024ರ ಏಪ್ರಿಲ್‌ನಿಂದ ಮತ್ತೆ ನಡೆದಿದೆ. ಅಂಕಿಅಂಶ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಇಳಿಸಿಕೊಂಡವರು ಆ ಜಾಗಕ್ಕೆ ಹೋಗಿ ನೋಡುವುದು ಮಾತ್ರ ಕಡಿಮೆ.

ಹನ್ನೆರಡೂವರೆ ಮೀಟರ್ ಹಗ್ಗ ಹಿಡಿದು ಸುತ್ತು ಹಾಕಿದೆವು. ಜಾಗದ ಲೆಕ್ಕದಲ್ಲಿ ಹತ್ತು ಮೀಟರ್ ಹೆಚ್ಚುಕಡಿಮೆ ಇರುವುದರಿಂದ ಅಕ್ಕಪಕ್ಕವನ್ನೂ ಬರೆದುಕೊಂಡೆವು. ಮರಗಳಡಿ ಕಾಲಿಡಲು ಜಾಗವಿಲ್ಲದಷ್ಟು ಲಂಟಾನ. ಮಳೆಗಾಲದ ಉಪಗ್ರಹ ಚಿತ್ರದಲ್ಲಿ ಇದೆಲ್ಲ ಒಂದೇ ಹಸಿರು. ಲೇಸರ್ ಪದರ ಬಿಡಿಸಿ ತೋರಿಸುತ್ತದೆ, ಆದರೆ ಅಷ್ಟು ಎತ್ತರದಿಂದ ಬಂದ ದಪ್ಪ ಹನಿಯಲ್ಲಿ ಆಳೆತ್ತರದ ಪೊದೆ ನೆಲದ ಮರುದನಿಯೊಳಗೇ ಸೇರಿಹೋಗುತ್ತದೆ. ಡ್ರೋನ್‌ನಿಂದ ಬಿಡುವ ಸಣ್ಣ ಕಿರಣಗಳಾದರೆ ಅದನ್ನೂ ಹಿಡಿದಾವು. ಇವತ್ತು ನಾವು ಹಿಡಿದದ್ದು ಮೈಕೈ ಪರಚಿಸಿಕೊಂಡು.

2025 ಮಾರ್ಚ್ 30, ಗುಬ್ಬಿ. ಯುಗಾದಿ

ಬೇವು ಬೆಲ್ಲ, ಒಬ್ಬಟ್ಟು ಮುಗಿಸಿ ಅಪ್ಪನ ಜೊತೆ ತೋಟಕ್ಕೆ ಹೋದೆ. ಅಪ್ಪ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. ಲ್ಯಾಪ್‌ಟಾಪ್ ತೆರೆದು ನಮ್ಮ ತೋಟದ ಮೇಲೆಯೇ ಬಿದ್ದಿದ್ದ ಹನಿಯೊಂದನ್ನು ತೋರಿಸಿದೆ.

‘ಮೇಲಿಂದ ಬೆಳಕು ಬಿಟ್ರೆ ಮರದ ಉದ್ದ ಹೆಂಗಮ್ಮ ಗೊತ್ತಾಗ್ತೈತೆ?’

‘ಹೊತ್ತು ಅಳೀತಾರಪ್ಪ. ಮರದ ತುದಿ ಮುಟ್ಟಿದ್ದು ಮೊದಲು ವಾಪಸ್ ಬರುತ್ತೆ, ನೆಲ ಮುಟ್ಟಿದ್ದು ಆಮೇಲೆ. ನಡುವಿನ ಹೊತ್ತೇ ಎತ್ತರ.’

ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಓಡುವುದು 30 ಸೆಂಟಿಮೀಟರ್. ಹೋಗಿ ಬರುವ ಲೆಕ್ಕದಲ್ಲಿ 15. ಹದಿನೈದು ಮೀಟರ್ ಮರಕ್ಕೆ ನೂರು ನ್ಯಾನೊಸೆಕೆಂಡ್. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಕೀ ಕೊಡೋ ವಾಚು ಸೆಕೆಂಡಿಗೆ ಐದು ಸಲ ಟಿಕ್ ಅಂತಿತ್ತು. ಅದನ್ನ ಸರಿ ಕೂರಿಸೋಕೇ ನಮಗೆ ಕಣ್ಣು ಹೋಗ್ತಿತ್ತು’ ಅಂದರು. ಅವರ ಕಾರ್ಖಾನೆಯ ಜಾಗ ಈಗ ಇಸ್ರೋದ್ದು. 2008ರ ಚಂದ್ರಯಾನ-1 ಚಂದ್ರನ ಬೆಟ್ಟಗುಡ್ಡಗಳನ್ನು ಅಳೆದದ್ದೂ ಲೇಸರ್‌ನಿಂದಲೇ. ಆ ಉಪಕರಣ ಮಾಡಿದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯ. ಅದನ್ನು ಹೇಳಿದಾಗ ಅಪ್ಪನ ಮುಖ ಅರಳಿತು.

ಆದರೆ ವಾಪಸ್ ಬಂದ ಬೆಳಕು ತೆರೆಯ ಮೇಲೆ ಮೂಡಿಸಿದ ಗೆರೆ ನನ್ನ ನಿದ್ದೆ ಕೆಡಿಸಿದೆ. ಮೇಲೆ ತೆಂಗಿನ ಗರಿಯ ಉಬ್ಬು, ನಡುವೆ ಅಡಿಕೆ, ಕೆಳಗೆ ಬಾಳೆ, ಕೊನೆಗೆ ನೆಲ. ಪದರ ಪದರವಾಗಿ ಒಳ್ಳೆಯ ಕಾಡಿನಂತೆಯೇ ಕಾಣುತ್ತದೆ. ದೇವರಾಯನದುರ್ಗದ ಎಲೆಯುದುರಿದ ಕಾಡು ಇದರ ಮುಂದೆ ಬಡವ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವ್ಯಾಖ್ಯೆಯೂ ಹಾಗೆಯೇ ಇದೆ: ಒಂದು ಹೆಕ್ಟೇರಿಗಿಂತ ದೊಡ್ಡದಾಗಿ, ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಮರಗಳ ನೆರಳಿದ್ದರೆ ಯಾರ ಜಮೀನಾದರೂ, ಯಾವ ಮರವಾದರೂ ಅರಣ್ಯ ಹೊದಿಕೆ. ತೆಂಗಿನ ತೋಟವೂ ಅದರಲ್ಲಿ ಸೇರುತ್ತದೆ. ನಾನು ತೋಟದಲ್ಲೇ ಬೆಳೆದವಳು, ತೋಟದ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಆದರೆ ಗುಬ್ಬಿ ಸೀಮೆಯಲ್ಲಿ ತೋಟ ಹೆಚ್ಚಾದರೆ ಕಾಡು ಹೆಚ್ಚಿತು ಎಂದು ಲೆಕ್ಕ ಬರೆಯುವುದು ತಪ್ಪು.

2025 ಏಪ್ರಿಲ್ 13, ಕುಣಿಗಲ್

ಚಿಕ್ಕಮ್ಮನ ಮನೆಯಿಂದ ಸಂಜೆ ದೊಡ್ಡಕೆರೆ ಏರಿಯ ಮೇಲೆ ನಡೆದೆ. ನೀರು ಹಿಂದೆ ಸರಿದಿರುವ ಕಡೆ ಬಳ್ಳಾರಿ ಜಾಲಿ ಎದ್ದಿದೆ. ಜೆಡೈನ ಅತಿಗೆಂಪು ಬೆಳಕು ನೀರಿನೊಳಗೆ ಇಳಿಯುವುದಿಲ್ಲ. ಹಸಿರು ಲೇಸರ್ ತಿಳಿನೀರಿನಲ್ಲಿ ಇಳಿಯುತ್ತದೆ, ನಮ್ಮ ಕೆರೆಗಳ ರಾಡಿನೀರಿಗೆ ಅದೂ ಸೋಲುತ್ತದೆ. ಹಾಗಾಗಿ ಅಂಗಳ ಬಯಲಾಗಿರುವ ಬೇಸಿಗೆಯಲ್ಲೇ ಡ್ರೋನ್ ಹಾರಿಸಿ ಅಳೆಯಬೇಕು. ಎಷ್ಟು ಹೂಳು, ಎಷ್ಟು ನೀರು ಹಿಡಿದೀತು ಎಂಬುದು ಅಂದಾಜಿಲ್ಲದೆ ತಿಳಿಯುತ್ತದೆ. ಕಾಡಿನಲ್ಲಿ ಮಳೆನೀರು ಇಂಗಿಸಲು ಕೇಂದ್ರ ಸರ್ಕಾರ 26 ರಾಜ್ಯಗಳ 2.61 ಲಕ್ಷ ಹೆಕ್ಟೇರ್‌ನಲ್ಲಿ ಲೇಸರ್ ಸಮೀಕ್ಷೆ ಕೈಗೆತ್ತಿಕೊಂಡಿತು. ಕೆರೆಗಳಿಗೂ ಬೇಕು.

2025 ಜುಲೈ 20, ತುಮಕೂರು

ದೇವರಾಯನದುರ್ಗ ಚಿಗುರಿದೆ. ಫೆಬ್ರವರಿಯ ಅದೇ ವೃತ್ತದಲ್ಲಿ ಇವತ್ತು ಆಕಾಶ ಕಾಣಲಿಲ್ಲ. ಎಲೆ ಉದುರಿಸುವ ಕಾಡನ್ನು ವರ್ಷಕ್ಕೆ ಒಂದೇ ಸಲ ಅಳೆದು ತೀರ್ಪು ಕೊಡಬಾರದು.

ಮಧ್ಯಾಹ್ನ ಲ್ಯಾಪ್‌ಟಾಪ್‌ನಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಮೇಲೆ ಬಿದ್ದ ಹನಿಗಳ ಸಾಲು ನೋಡಿದೆ. ಈಗ ಅಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ; 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಇಂಥ ಕಾವಲುಗಳಲ್ಲಿ ಬೆಳೆಯುವುದು ಹುಲ್ಲು, ಎತ್ತರದ ನಕ್ಷೆಯಲ್ಲಿ ಹುಲ್ಲಿಗೆ ಹೆಚ್ಚುಕಡಿಮೆ ಸೊನ್ನೆ. ದನಕುರಿ ಮೇಯುವ, ಲಾವುಗೆ ಮೊಟ್ಟೆಯಿಡುವ ನೆಲ ಮತ್ತು ಬಂಜರು, ಎರಡಕ್ಕೂ ಒಂದೇ ಬಣ್ಣ. ನಕ್ಷೆಯ ಆ ಬಣ್ಣ ನೋಡಿ ‘ಖಾಲಿ ಜಾಗ’ ಎನ್ನುವವರ ಕೈಗೆ ಉಳಿದ ಕಾವಲುಗಳು ಸಿಗಬಾರದು.

ವಿದ್ಯಾರ್ಥಿಗಳು ಹನಿ ಬಿದ್ದ ಜಾಗಗಳನ್ನು ಬರೆದಿಡುವ ಪಟ್ಟಿಗೆ ಒಂದು ಕಾಲಂ ಸೇರಿಸಿದೆ: ‘ನಡೆದು ನೋಡಿದ್ದು’. ಗುಬ್ಬಿಯ ನಮ್ಮ ಬಿಂದುವಿನ ಮುಂದೆ ‘ತೋಟ’ ಎಂದು ಬರೆದೆ. ಲಂಟಾನ ತುಂಬಿದ ವೃತ್ತದ ಮುಂದೆ ‘ಕಾಡು, ಕೆಳಗೆ ಲಂಟಾನ’. ಕಾವಲಿನ ಸೊನ್ನೆಗಳ ಮುಂದೆ ‘ಹುಲ್ಲುಗಾವಲಾಗಿತ್ತು’.