ತಡವಾಗಿ ಮಾಗುವ ಓಟ

ಶಾಲಾ ಕ್ರೀಡಾಕೂಟಗಳಲ್ಲಿ ನೂರು ಮೀಟರ್ ಓಟಕ್ಕೆ ಸಿಗುವ ಚಪ್ಪಾಳೆ ಮೂರು ಸಾವಿರ ಮೀಟರ್ ಓಟಕ್ಕೆ ಸಿಗುವುದಿಲ್ಲ. ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ನೋಡುವವರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ. ದೂರದ ಓಟದ ಸ್ವಭಾವವೇ ಹಾಗೆ. ಅದು ಓಡುವವರಿಂದಲೂ ನೋಡುವವರಿಂದಲೂ ತಾಳ್ಮೆ ಬೇಡುತ್ತದೆ. ಓಟ ಮುಗಿಯುವುದಕ್ಕೆ ಮಾತ್ರವಲ್ಲ, ಓಟಗಾರ ಮಾಗುವುದಕ್ಕೂ ಆ ತಾಳ್ಮೆ ಬೇಕು. ಹದಿನಾಲ್ಕನೇ ವಯಸ್ಸಿಗೆ ಜಿಲ್ಲಾ ಮಟ್ಟದ ಪದಕ ಬರಲಿಲ್ಲವೆಂದು ‘ಇನ್ನು ಸಾಕು, ಪುಸ್ತಕ ಹಿಡಿ’ ಎನ್ನುವ ತಂದೆ ತಾಯಂದಿರೂ, ‘ನನ್ನಿಂದ ಆಗದು’ ಎಂದು ಬೂಟು ಬಿಚ್ಚಿಡುವ ಮಕ್ಕಳೂ ಪೋರ್ಚುಗಲ್ ದೇಶದ ಕಾರ್ಲೋಸ್ ಲೋಪೆಸ್ ಅವರ ಕತೆಯನ್ನು ಒಮ್ಮೆ ಕೇಳಬೇಕು.

ಲೋಪೆಸ್ ಹುಟ್ಟಿದ್ದು 1947ರಲ್ಲಿ, ವಿಸೆಯು ನಗರದ ಹತ್ತಿರದ ಹಳ್ಳಿಯೊಂದರಲ್ಲಿ. ಬಡ ಕುಟುಂಬದ ಹಿರಿಯ ಮಗ. ಪ್ರಾಥಮಿಕ ಶಾಲೆ ಮುಗಿಯುತ್ತಲೇ ಗಾರೆ ಕೆಲಸದವರ ಕೈಯಾಳಾಗಿ ದುಡಿಮೆಗೆ ಇಳಿದ ಹುಡುಗನಿಗೆ ಆಸೆಯಿದ್ದದ್ದು ಫುಟ್‌ಬಾಲ್ ಮೇಲೆ. ‘ತೀರಾ ನರಪೇತಲ’ ಎಂದು ಊರಿನ ತಂಡದವರು ಸೇರಿಸಿಕೊಳ್ಳಲಿಲ್ಲ. ಹಾಗಾಗಿ ಅವನು ಓಟಕ್ಕೆ ಬಂದ. ಮುಂದೆ ಹಲವು ವರ್ಷ ಬ್ಯಾಂಕ್ ನೌಕರಿಯ ಜೊತೆಗೇ ಓಟದ ಅಭ್ಯಾಸ ಸಾಗಿತು.

ಜಗತ್ತು ಅವರನ್ನು ಗುರುತಿಸಿದ್ದು 1976ರಲ್ಲಿ. ಆಗ ವಯಸ್ಸು 29. ಆ ವರ್ಷ ವಿಶ್ವ ಗುಡ್ಡಗಾಡು ಓಟ ಗೆದ್ದರು. ಮಾಂಟ್ರಿಯಲ್ ಒಲಿಂಪಿಕ್ಸ್‌ನ ಹತ್ತು ಸಾವಿರ ಮೀಟರ್ ಓಟದಲ್ಲಿ ಫಿನ್ಲೆಂಡಿನ ಲಾಸ್ಸೆ ವಿರೆನ್ ಹಿಂದೆ ಬೆಳ್ಳಿ ಪಡೆದರು. ಅನಂತರ ಕಾಲಿನ ಗಾಯ ಬೆನ್ನುಹತ್ತಿತು. 1980ರ ಮಾಸ್ಕೋ ಒಲಿಂಪಿಕ್ಸ್ ಕೈತಪ್ಪಿತು. ಮೂವತ್ತು ದಾಟಿದ ಓಟಗಾರನ ಕಾಲು ಕೆಟ್ಟರೆ ಕತೆ ಮುಗಿಯಿತೆಂದೇ ಲೋಕದ ಲೆಕ್ಕ. ಲೋಪೆಸ್ ಮೊದಲ ಬಾರಿಗೆ ಮ್ಯಾರಥಾನ್‌ಗೆ ಇಳಿದದ್ದೇ 1982ರಲ್ಲಿ, 35ನೇ ವಯಸ್ಸಿನಲ್ಲಿ. ನ್ಯೂಯಾರ್ಕಿನ ಆ ಓಟವನ್ನು ಪೂರೈಸಲಾಗಲಿಲ್ಲ. ಮರುವರ್ಷ ರಾಟರ್‌ಡ್ಯಾಮ್‌ನಲ್ಲಿ ಎರಡೇ ಸೆಕೆಂಡಿನಿಂದ ಸೋತರು.

1984ರ ಆಗಸ್ಟ್ 12ರಂದು ಲಾಸ್ ಏಂಜಲೀಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 2 ಗಂಟೆ 9 ನಿಮಿಷ 21 ಸೆಕೆಂಡಿನಲ್ಲಿ ಗುರಿ ಮುಟ್ಟಿದಾಗ ಅವರಿಗೆ 37 ವರ್ಷ. ಅದು ಪೋರ್ಚುಗಲ್ಲಿಗೆ ಒಲಿಂಪಿಕ್ಸ್‌ನಲ್ಲಿ ಬಂದ ಮೊಟ್ಟಮೊದಲ ಚಿನ್ನ. ಮರುವರ್ಷ ರಾಟರ್‌ಡ್ಯಾಮ್‌ನಲ್ಲಿ 2 ಗಂಟೆ 7 ನಿಮಿಷ 12 ಸೆಕೆಂಡಿನಲ್ಲಿ ಓಡಿ, 38ನೇ ವಯಸ್ಸಿನಲ್ಲಿ, ಆವರೆಗಿನ ವಿಶ್ವದ ಶ್ರೇಷ್ಠ ವೇಳೆ ದಾಖಲಿಸಿದರು.

ಇದು ಹೇಗೆ ಸಾಧ್ಯ? ದೇಹ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕ ಬಳಸಿಕೊಳ್ಳಬಲ್ಲದು ಎಂಬುದು ಓಟಗಾರನ ಬಲದ ಒಂದು ಅಳತೆ. ಈ ಶಕ್ತಿ ಇಪ್ಪತ್ತರ ಹರೆಯದಲ್ಲಿ ತುದಿ ಮುಟ್ಟಿ ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅಭ್ಯಾಸ ಬಿಡದವರಲ್ಲಿ ಇಳಿತ ಇನ್ನೂ ನಿಧಾನ. ಆದರೆ ಮ್ಯಾರಥಾನ್ ಗೆಲ್ಲಲು ಇದೊಂದೇ ಸಾಲದು. ಆ ಶಕ್ತಿಯ ಎಷ್ಟು ಪಾಲನ್ನು ಎರಡು ಗಂಟೆ ಕಾಲ ದಣಿಯದೆ ಬಳಸಬಲ್ಲರು, ಪ್ರತಿ ಹೆಜ್ಜೆಗೂ ಎಷ್ಟು ಕಡಿಮೆ ಖರ್ಚು ಮಾಡುತ್ತಾರೆ, ಯಾವಾಗ ಮುನ್ನುಗ್ಗಬೇಕು ಎಂಬ ಅರಿವು ಎಷ್ಟಿದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಇವು ವರ್ಷಗಟ್ಟಲೆ ಓಡಿಯೇ ಕೂಡಿಬರುವ ಗಳಿಕೆ.

ಹಾಗೆಂದು ವಯಸ್ಸಾದವರೇ ಗೆಲ್ಲುತ್ತಾರೆಂದಲ್ಲ. ಲೋಪೆಸ್ ಅವರ ಒಲಿಂಪಿಕ್ ದಾಖಲೆಯನ್ನು 24 ವರ್ಷಗಳ ನಂತರ, 2008ರ ಬೀಜಿಂಗ್‌ನಲ್ಲಿ ಮುರಿದ ಕೀನ್ಯಾದ ಸ್ಯಾಮುಯೆಲ್ ವಾಂಜಿರು ಅವರಿಗೆ ಆಗ 21 ವರ್ಷ. ಅದೇ ಬೀಜಿಂಗ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಗೆದ್ದ ರುಮೇನಿಯಾದ ಕಾನ್‌ಸ್ಟಾಂಟಿನಾ ತೊಮೆಸ್ಕು ಅವರಿಗೆ 38. ಇಬ್ಬರ ನಡುವೆ 17 ವರ್ಷಗಳ ಅಂತರ. ಎಲ್ಲರ ಗಡಿಯಾರವೂ ಒಂದೇ ಅಲ್ಲ.

ಈ ಮಾತು ಹದಿಹರೆಯಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಒಂದೇ ತರಗತಿಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಮೀಸೆ ಚಿಗುರಿದ್ದರೆ ಇನ್ನೊಬ್ಬ ಎಳೆ ಹುಡುಗನಾಗಿಯೇ ಇರುತ್ತಾನೆ. ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದಾಗ ಪದಕ ಸಿಗುವುದು ಎಷ್ಟೋ ಸಲ ಮೊದಲು ಬೆಳೆದವನಿಗೆ, ಹೆಚ್ಚು ಪ್ರತಿಭೆಯುಳ್ಳವನಿಗಲ್ಲ. ಹಾಗೆಯೇ ಅವಸರಕ್ಕೂ ಬೆಲೆ ತೆರಬೇಕಾಗುತ್ತದೆ. ಬೆಳೆಯುವ ಮಕ್ಕಳ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಪದರವಿರುತ್ತದೆ. ಮಿತಿಮೀರಿ ಓಡಿಸಿದರೆ ಪೆಟ್ಟು ಬೀಳುವುದು ಅದಕ್ಕೆ. ಇಪ್ಪತ್ತರೊಳಗಿನ ವಯೋವರ್ಗದವರಿಗೆ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಪ್ರವೇಶವಿಲ್ಲ ಎಂಬುದನ್ನು ಅವಸರದ ತಂದೆ ತಾಯಂದಿರು ನೆನಪಿಡಬೇಕು.

ಮಗಳೋ ಮಗನೋ ಮೈದಾನದಿಂದ ಬೆವರು ಒರೆಸಿಕೊಂಡು ಮನೆಗೆ ಬಂದಾಗ ‘ಎಷ್ಟನೇ ಸ್ಥಾನ?’ ಎಂದು ಕೇಳುವುದು ವಾಡಿಕೆ. ‘ನಾಳೆಯೂ ಓಡಬೇಕೆನಿಸುತ್ತದೆಯೇ?’ ಎಂದು ಕೇಳಿ ನೋಡಬಹುದು. ಹೌದೆಂದರೆ ಓದು ಓದಿನ ಪಾಡಿಗೆ ನಡೆಯಲಿ, ಓಟ ಓಟದ ಪಾಡಿಗೆ ಸಾಗಲಿ. ಲೆಕ್ಕ ಹಾಕುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಸಮಯವಿದೆ.