ಹಳೇ ಡಬ್ಬನಾ, ಹೊಸ ಡಬ್ಬಿನಾ?

ಇಂಜಿನಿಯರಿಂಗ್ ಸೇರಿದ ಮೇಲೆ ಮನೆಯವರು ಕೇಳೋ ಮೊದಲ ಟೆಕ್ನಿಕಲ್ ಪ್ರಶ್ನೆ ಥರ್ಮೋಡೈನಮಿಕ್ಸ್ ಬಗ್ಗೆ ಇರೋದಿಲ್ಲ. "ಈ ಕಂಪ್ಯೂಟರ್ ಯಾಕೋ ಸ್ಲೋ ಆಗಿದೆ, ಸ್ವಲ್ಪ ನೋಡು" ಅಂತಲೇ ಇರುತ್ತೆ. ಯಾವ ಬ್ರಾಂಚ್ ಆದ್ರೂ ಇದರಿಂದ ತಪ್ಪಿಸಿಕೊಳ್ಳೋ ಹಾಗಿಲ್ಲ. ಸಾಗರದ ಹತ್ತಿರದ ನಮ್ಮ ಮನೇಲಿ 2025ರ ದಸರಾ ರಜದಲ್ಲಿ ಈ ಪ್ರಶ್ನೆ ಸ್ವಲ್ಪ ಗಂಭೀರವಾಗಿಯೇ ಬಂತು. ರಿಪೇರಿ ಮಾಡಿ ಇಟ್ಕೊಳ್ಳೋದಾ, ಹೊಸದು ತರೋದಾ? ತೀರ್ಮಾನ ಮಾಡಬೇಕಿದ್ದವರು ನಾವು ಐದು ಜನ. ಅಪ್ಪ, ಅಮ್ಮ, ಅಜ್ಜಿ, ಪಿಯುಸಿ ಓದೋ ತಂಗಿ, ಮತ್ತೆ ರಜಕ್ಕೆ ಬಂದ ಈ ಅರ್ಧ ಇಂಜಿನಿಯರು.

ಮೊದಲು ಯಂತ್ರದ ಜಾತಕ ಹೇಳಿಬಿಡ್ತೀವಿ. 2013ರಲ್ಲಿ ಜೋಡಿಸಿದ್ದು. ಇಂಟೆಲ್ ಕೋರ್ ಐ3-3220, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಹಾಲ್‌ನಲ್ಲಿರೋ 32 ಇಂಚಿನ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ಇಟ್ಟಿದೀವಿ. ಅಜ್ಜಿಯ ಯಕ್ಷಗಾನ, ಅಮ್ಮನ ಹಳೇ ಹಾಡು, ಭಾನುವಾರದ ಸಿನಿಮಾ, ತಂಗಿಯ ಪಾಠ ಎಲ್ಲಾ ಅದರಲ್ಲೇ. ಅವರವರ ಮೊಬೈಲ್ ಅವರವರ ಕೈಲಿದ್ರೂ ಐದೂ ಜನ ಒಟ್ಟಿಗೆ ಕೂತು ನೋಡೋದು ಇದೊಂದನ್ನೇ.

ಆದ್ರೆ ಆನ್ ಆಗೋಕೆ ನಾಲ್ಕು ನಿಮಿಷ. ಅಮ್ಮ ಬಟನ್ ಒತ್ತಿ, ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರ್ತಿದ್ರು. ಯೂಟ್ಯೂಬ್ ವಿಡಿಯೋ ತಡವರಿಸ್ತಿತ್ತು. ಸಾಲದ್ದಕ್ಕೆ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಬೆಂಬಲ ಮುಗಿಯುತ್ತೆ ಅನ್ನೋ ನೋಟಿಸ್ ಬೇರೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮದು ಮೂರನೇ ತಲೆಮಾರು. ಆಯುಧ ಪೂಜೆ ದಿನ ಕ್ಯಾಬಿನೆಟ್ಟಿಗೆ ಕುಂಕುಮ ಇಟ್ಟು ಸೇವಂತಿಗೆ ಮುಡಿಸುವಾಗ ತಂಗಿ, "ಇದಕ್ಕೆ ಇದೇ ಕೊನೇ ಪೂಜೆ" ಅಂದೇಬಿಟ್ಟಳು.

ಅವಳ ಆಯ್ಕೆ ಇಂಟೆಲ್ ಎನ್100 ಇರೋ ಒಂದು ಮಿನಿ ಪಿಸಿ. ಟಿಫನ್ ಡಬ್ಬಿಯಷ್ಟು ದೊಡ್ಡದು, ಬೆಲೆ ಸುಮಾರು 15,000 ರೂಪಾಯಿ. ಅಪ್ಪನೂ ಅದಕ್ಕೇ ವಾಲಿದ್ರು. "ಕರೆಂಟಾದ್ರೂ ಉಳಿಯುತ್ತೆ ಬಿಡು" ಅಂದ್ರು. ಅಮ್ಮ ಮಾತ್ರ, "ಓಡ್ತಾ ಇರೋದನ್ನ ಯಾಕೆ ಎಸೀಬೇಕು? ಅವಳ ಸಿಇಟಿ ಕೋಚಿಂಗ್ ಫೀಸ್ ಕಟ್ಟೋದಿದೆ" ಅಂದ್ರು. ಅಜ್ಜಿಯದು ಒಂದೇ ಷರತ್ತು: "ನನ್ನ ಟೋಪಿ ಅಲ್ಲೇ ಇರ್ಲಿ." ಟೋಪಿ ಅಂದ್ರೆ ವಿಎಲ್‌ಸಿ ಪ್ಲೇಯರಿನ ಕಿತ್ತಳೆ ಬಣ್ಣದ ಐಕಾನು. ಎಡಗಡೆ ಮೇಲಿಂದ ಎರಡನೇದು ಅಂತ ಅವರಿಗೆ ಬಾಯಿಪಾಠ.

ಬಾಯಿಮಾತಲ್ಲಿ ಬಗೆಹರಿಯೋ ಹಾಗೆ ಕಾಣಲಿಲ್ಲ. ನೋಟ್‌ಬುಕ್ ತಗೊಂಡು ಕೂತ್ವಿ.

ಮೊದಲು ಕರೆಂಟು. ಪ್ಲಗ್ಗಿಗೆ ಹಾಕೋ ಮೀಟರಲ್ಲಿ ಅಳೆದಾಗ ವಿಡಿಯೋ ಓಡ್ತಿರುವಾಗ ನಮ್ಮದು 55 ವಾಟ್ ತೋರಿಸ್ತು. ಮಿನಿ ಪಿಸಿ 15 ವಾಟ್ ಅಂತ ಇಟ್ಕೊಂಡ್ರೆ ಉಳಿಯೋದು 40. ದಿನಕ್ಕೆ 5 ಗಂಟೆ ಅಂದ್ರೆ ವರ್ಷಕ್ಕೆ 73 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದ್ರೂ 438 ರೂಪಾಯಿ. 15,000 ವಾಪಸ್ ಬರೋಕೆ 34 ವರ್ಷ ಬೇಕು. ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ಲು ಸೊನ್ನೆ, ಹಾಗಾಗಿ ಉಳಿತಾಯವೂ ಸೊನ್ನೆ. ಅಪ್ಪ ಆ ಪಾಯಿಂಟ್ ವಾಪಸ್ ತಗೊಂಡ್ರು.

ಎರಡನೇದು ವಿಡಿಯೋ ಯಾಕೆ ತಡವರಿಸುತ್ತೆ ಅನ್ನೋದು. ಕುಗ್ಗಿಸಿದ ವಿಡಿಯೋವನ್ನ ಬಿಡಿಸೋಕೆ ಪ್ರೊಸೆಸರ್ ಒಳಗೇ ಒಂದು ಪ್ರತ್ಯೇಕ ಭಾಗ ಇರುತ್ತೆ. ನಮ್ಮ ಐ3ಗೆ ಎಚ್‌.264 ಗೊತ್ತು. ಆಮೇಲೆ ಬಂದ ಎಚ್‌ಇವಿಸಿ, ವಿಪಿ9, ಎವಿ1 ಗೊತ್ತಿಲ್ಲ. ಯೂಟ್ಯೂಬ್ ಈ ಹೊಸ ರೂಪದಲ್ಲಿ ಕಳಿಸಿದಾಗ ಪೂರ್ತಿ ಕೆಲಸ ಆ ಎರಡು ಕೋರ್‌ಗಳ ತಲೆಮೇಲೆ ಬೀಳುತ್ತೆ. ಎನ್100ಗೆ ಈ ಮೂರೂ ಸಲೀಸು, ಅದನ್ನ ಒಪ್ಪಲೇಬೇಕು. ಆದ್ರೆ ನಮ್ಮ ಟಿವಿ ತೋರಿಸೋದೇ 1366×768. 4ಕೆ ತಂದು ಹಾಕಿದ್ರೂ ಅದಕ್ಕೆ ಗೊತ್ತಾಗಲ್ಲ. 1080ಪಿ ತನಕ ಎಚ್‌.264ರಲ್ಲೇ ಕೊಡು ಅಂತ ಯೂಟ್ಯೂಬನ್ನ ಕೇಳೋ ಪುಕ್ಕಟೆ ಬ್ರೌಸರ್ ಎಕ್ಸ್‌ಟೆನ್ಶನ್ ಇದೆ. ಹಾಕಿದ್ವಿ, ತಡವರಿಕೆ ನಿಂತಿತು. ತಂಗಿಯ ಮುಖ ಸಣ್ಣಗಾಯ್ತು.

ಮೂರನೇದು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಸುಮ್ನೆ ನೋಡೋಣ ಅಂತ ಹಾರ್ಡ್‌ಡಿಸ್ಕಿನ ಆರೋಗ್ಯ ಪರೀಕ್ಷೆ ಮಾಡಿದ್ವಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ಬಣ್ಣದಲ್ಲಿ 'ಎಚ್ಚರ' ಅಂತು. 21,000 ಗಂಟೆ ತಿರುಗಿದ ಡಿಸ್ಕು, ಅಲ್ಲಲ್ಲಿ ಹಾಳಾದ ಜಾಗಗಳಿಂದ ಡೇಟಾ ಎತ್ತಿ ಬೇರೆ ಕಡೆ ಇಡೋಕೆ ಶುರು ಮಾಡಿತ್ತು.

ಅದರೊಳಗೆ ಏನಿತ್ತು ಗೊತ್ತಾ? ಅಪ್ಪ ಹ್ಯಾಂಡಿಕ್ಯಾಮ್ ಹಿಡ್ಕೊಂಡು ಊರಿನ ಬಯಲಾಟಗಳನ್ನ ತೆಗೆದ ಕ್ಯಾಸೆಟ್‌ಗಳೆಲ್ಲ ಫೈಲ್ ಆಗಿ ಕೂತಿದ್ವು. ಆ ಕ್ಯಾಮೆರಾ ಕೆಟ್ಟು ಎಷ್ಟೋ ವರ್ಷ ಆಯ್ತು, ಕ್ಯಾಸೆಟ್‌ಗಳಿಗೆ ಮಳೆಗಾಲದ ಬೂಸ್ಟು. ಒಂದು ಆಟದಲ್ಲಿ ಭಾಗವತರು ಪದ ಎತ್ತೋ ಮುಂಚೆ ಹಿಂದಿನಿಂದ ಅಜ್ಜ ಗದರೋದು ಕೇಳುತ್ತೆ, "ಏ, ಅಡ್ಡ ಬರಬೇಡ್ರೋ!" ಅಷ್ಟೇ. ಅಜ್ಜ 2019ರಲ್ಲಿ ಹೋದ್ರು. ಅವರ ದನಿ ನಮ್ಮ ಹತ್ರ ಇರೋದು ಅಷ್ಟೇ. ಅಜ್ಜಿ ದಿನಾ ಟೋಪಿ ಒತ್ತಿ ಅದೇ ಆಟ ಯಾಕೆ ಹಾಕ್ತಾರೆ ಅಂತ ಯಾರೂ ಕೇಳಿರಲಿಲ್ಲ. ಡಿಸ್ಕು ಹಳದಿಯಾದ ದಿನ ಎಲ್ಲರಿಗೂ ಒಟ್ಟಿಗೆ ಹೊಳೀತು.

ಅಲ್ಲಿಗೆ ಪ್ರಶ್ನೆಯೇ ಬದಲಾಯ್ತು. ಯಾವ ಡಬ್ಬ ಅನ್ನೋದು ಆಮೇಲಿನ ಮಾತು, ಒಳಗಿರೋದು ಮೊದಲು ಉಳೀಬೇಕು. ಶಿವಮೊಗ್ಗಕ್ಕೆ ಹೋಗಿ ತಂದಿದ್ದರ ಪಟ್ಟಿ: 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ 4,500, 256 ಜಿಬಿ ಎಸ್‌ಎಸ್‌ಡಿ 1,700, ಸೆಕೆಂಡ್ ಹ್ಯಾಂಡ್ 4 ಜಿಬಿ ರ‍್ಯಾಮ್ 500, ಬೋರ್ಡಿನ ಬಟನ್ ಸೆಲ್ 30. ಒಟ್ಟು 6,730 ರೂಪಾಯಿ. ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಬ್ಯಾಕಪ್ಪಿಗೆ. ಮಿನಿ ಪಿಸಿ ತಂದಿದ್ರೂ ಆ 4,500 ತಪ್ಪುತ್ತಿರಲಿಲ್ಲ.

ಯುಎಸ್‌ಬಿ 2.0ದಲ್ಲಿ 310 ಜಿಬಿ ಕಾಪಿ ಆಗೋಕೆ ಹತ್ರಹತ್ರ ಮೂರು ಗಂಟೆ. ಕರೆಂಟ್ ಹೋಗದೇ ಇರ್ಲಿ ಅಂತ ಅಮ್ಮ ದೇವರಿಗೆ ದೀಪ ಹಚ್ಚಿದ್ರು, ನಾವು ಯುಪಿಎಸ್ ಹಾಕಿದ್ವಿ. ಎರಡರಲ್ಲಿ ಒಂದು ಕೆಲಸ ಮಾಡ್ತು. ಆಮೇಲೆ ಡಬ್ಬ ಬಿಚ್ಚಿ ಹನ್ನೆರಡು ವರ್ಷದ ಧೂಳು ಊದಿ, ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ ಹಾಕಿದ್ವಿ. ವಿಂಡೋಸ್ 10ನ್ನೇ ಇನ್ನೊಂದು ವರ್ಷ ಮುಂದುವರಿಸೋ ದಾರಿ ಇತ್ತು, ಆದ್ರೆ ಮುಂದಿನ ದಸರಾಕ್ಕೆ ಮತ್ತೆ ಇದೇ ಪಂಚಾಯ್ತಿ ಯಾರಿಗೆ ಬೇಕು? ವಿಎಲ್‌ಸಿ ಲಿನಕ್ಸಲ್ಲೂ ಸಿಗುತ್ತೆ. ಎಡಗಡೆ ಮೇಲಿಂದ ಎರಡನೇ ಜಾಗದಲ್ಲೇ ಟೋಪಿ ಕೂರಿಸಿದ್ವಿ. ಅಜ್ಜಿಗೆ ಏನೂ ಬದಲಾದ ಹಾಗೆ ಅನಿಸಲೇ ಇಲ್ಲ. ನಮಗೆ ಸಿಕ್ಕ ಅತಿ ದೊಡ್ಡ ಸರ್ಟಿಫಿಕೇಟ್ ಅದು. ಈಗ ಆನ್ ಆಗೋಕೆ 25 ಸೆಕೆಂಡ್. ಒಗ್ಗರಣೆಗೆ ಟೈಮ್ ಸಿಗಲ್ಲ ಅನ್ನೋದೊಂದೇ ಅಮ್ಮನ ಕಂಪ್ಲೇಂಟು.

ಹೊಸದು ಬೇಡವೇ ಬೇಡ ಅಂತೇನೂ ನಾವು ಅಂದಿಲ್ಲ. ಬೋರ್ಡು ಇಲ್ಲಾ ಪವರ್ ಸಪ್ಲೈ ಸತ್ತರೆ, ಅಥವಾ 4ಕೆ ಟಿವಿ ಬಂದ್ರೆ, ಅವತ್ತು ಇದಕ್ಕೆ ಇನ್ನು ಒಂದು ರೂಪಾಯಿನೂ ಹಾಕಲ್ಲ, ತಂಗಿ ಹೇಳಿದ ಡಬ್ಬಿನೇ ತರ್ತೀವಿ. ಹಾಗಂತ ಚೀಟಿ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿದಾಳೆ, ಅಪ್ಪನ ಸಹಿ ಸಮೇತ.

ನಿಮಗೂ ಮುಂದಿನ ರಜದಲ್ಲಿ ಮನೆಯಿಂದ ಈ ಪ್ರಶ್ನೆ ಬಂದೇ ಬರುತ್ತೆ. ಪ್ರೊಸೆಸರ್ ಯಾವುದು ಅಂತ ನೋಡೋ ಮುಂಚೆ, ಅದರಲ್ಲಿ ಯಾರು ಏನು ನೋಡ್ತಾರೆ ಅಂತ ಪಕ್ಕದಲ್ಲಿ ಕೂತು ಒಂದು ಸಂಜೆ ನೋಡಿ. ಎರಡನೇ ಕಾಪಿ ಇಲ್ಲದ ಫೈಲ್ ಯಾವುದು ಅಂತ ಹುಡುಕಿ. ಅವತ್ತೇ ಕಾಪಿ ಮಾಡಿ.